‘ಒಂದು ಜನಾಂಗದವರು’ ಅಂದರೆ ಯಾರು? ಸುದ್ದಿಮನೆಯವರಿಗೊಂದು ಬಹಿರಂಗ ಪತ್ರ

ಕನ್ನಡ ಪತ್ರಿಕೆಗಳ, ಸುದ್ದಿವಾಹಿನಿಗಳ ಸಂಪಾದಕರಿಗೆ, ಅವರಿಗಿಂತ ಮುಖ್ಯವಾಗಿ ರಾತ್ರಿ ಪಾಳಿಯಲ್ಲಿ ಕೂತು ಜಿಲ್ಲೆಯ ಸುದ್ದಿಗೆ ತಲೆಬರಹ ಕೊಡುವ ಉಪಸಂಪಾದಕರಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ನಿಮ್ಮ ಮೇಲೆ ಸಿಟ್ಟೇನಿಲ್ಲ, ಒಂದು ತಕರಾರಿದೆ. ಅದೂ ಒಂದೇ ಒಂದು ಪದದ ಬಗ್ಗೆ.

ನಮ್ಮ ಶಾಲೆಯಲ್ಲಿ ಬೆಳಿಗ್ಗೆ ನಾಡಗೀತೆ ಮುಗಿದ ಮೇಲೆ ಒಬ್ಬರು ಮುಂದೆ ಬಂದು ಅವತ್ತಿನ ಪತ್ರಿಕೆಯಿಂದ ನಾಲ್ಕೈದು ಸುದ್ದಿ ಓದಬೇಕು. ಸರದಿ ಪ್ರಕಾರ ಎಲ್ಲರಿಗೂ ಬರುತ್ತದೆ. ಕೆಲವರು ಬರೀ ಕ್ರಿಕೆಟ್ ಓದಿ ಸಾಲಿಗೆ ಓಡಿಬಿಡುತ್ತಾರೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಳಪುಟದ ಚಿಕ್ಕ ಸುದ್ದಿಯೊಂದನ್ನು ಆರಿಸಿಕೊಂಡಿದ್ದಳು. ಯಾವುದೋ ಊರಿನಲ್ಲಿ ಜಾತ್ರೆಯ ದಿನ ‘ಒಂದು ಜನಾಂಗದವರು’ ದೇವಸ್ಥಾನದ ಒಳಗೆ ಬರುವುದಕ್ಕೆ ‘ಗ್ರಾಮಸ್ಥರು’ ಅಡ್ಡಿ ಮಾಡಿದ್ದರು. ಪೊಲೀಸರು ಬಂದು ಶಾಂತಿಸಭೆ ನಡೆಸಿದ್ದರು. ಅಷ್ಟೇ ಸುದ್ದಿ. ಯಾರು ಯಾರನ್ನು ತಡೆದರು, ಯಾಕೆ ತಡೆದರು ಅನ್ನುವುದು ಕೊನೆವರೆಗೂ ಇರಲಿಲ್ಲ.

ಎರಡನೇ ಪೀರಿಯಡ್ಡಿಗೆ ನಾನು ಆ ತರಗತಿಗೆ ಹೋದೆ. ಅವಳು ಕೈ ಎತ್ತಿದಳು.

‘ಸರ್, ಬೆಳಿಗ್ಗೆ ತಾನೇ ಸರ್ವ ಜನಾಂಗದ ಶಾಂತಿಯ ತೋಟ ಅಂತ ಹಾಡಿದ್ವಿ. ಆ ಜನಾಂಗ, ಈ ಜನಾಂಗ ಎರಡೂ ಒಂದೇನಾ?’

ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಬೆಂಚಿನ ಹುಡುಗ, ‘ಜನಾಂಗ ಅಂದ್ರೆ ಬೇರೆ ದೇಶದವರು. ಕ್ರಿಕೆಟ್‌ನಲ್ಲಿ ಬೈತಾರಲ್ಲ, ಜನಾಂಗೀಯ ನಿಂದನೆ ಅಂತ’ ಅಂದ. ಇನ್ನೊಬ್ಬಳು, ‘ಇಲ್ಲ ಸರ್, ನಮ್ಮ ತಾತ ಯಾರೇ ಮನೆಗೆ ಬಂದ್ರೂ ನಿಮ್ದು ಯಾವ ಜನಾಂಗ ಅಂತ ಕೇಳ್ತಾರೆ. ಜಾತಿ ಅಂತ ಅರ್ಥ’ ಅಂದಳು. ಮತ್ತೊಬ್ಬ ಗೋಡೆಯ ಮೇಲಿನ ಬರಹ ತೋರಿಸಿದ. ಅಲ್ಲಿ ನಾವೇ ಬರೆಸಿದ್ದು: ‘ಮುಂದಿನ ಜನಾಂಗಕ್ಕಾಗಿ ನೀರು ಉಳಿಸಿ’.

ನಾಲ್ಕು ಮಕ್ಕಳು, ನಾಲ್ಕು ಅರ್ಥ. ನಾಲ್ಕೂ ಸರಿ. ನಾನು ಸೀಮೆಸುಣ್ಣ ಹಿಡಿದು ಸುಮ್ನೆ ನಿಂತೆ.

ಪದ ನೋಡೋದಕ್ಕೆ ಸರಳವಾಗಿದೆ. ಜನ, ಅಂಗ. ಜನ ಅನ್ನುವ ದೊಡ್ಡ ಮೈಯ ಒಂದು ಭಾಗ. ಎಷ್ಟು ದೊಡ್ಡ ಭಾಗ, ಯಾವ ಕಡೆಯಿಂದ ಕೊಯ್ದಿದ್ದು ಅಂತ ಪದ ಹೇಳುವುದಿಲ್ಲ. ಹಾಗಾಗಿ ಯಾರಿಗೆ ಹೇಗೆ ಬೇಕೋ ಹಾಗೆ ಕೊಯ್ದುಕೊಂಡರು. ಕನ್ನಡ ಬೈಬಲ್ಲಿನಲ್ಲಿ ಜನಾಂಗ ಅಂದರೆ ಹೆಚ್ಚುಕಡಿಮೆ ಒಂದು ದೇಶದ ಜನ. ಅಲ್ಲಿ ಜನಾಂಗಕ್ಕೆ ವಿರೋಧವಾಗಿ ಜನಾಂಗ ಏಳುತ್ತದೆ. ಕುವೆಂಪು ಅವರ ಸಾಲಿನಲ್ಲಿ, ಅದರ ಮುಂದೆಯೇ ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿಕ, ಜೈನ ಅಂತ ಬರುವುದರಿಂದ, ಅದು ಧರ್ಮಗಳನ್ನು ಅಪ್ಪಿಕೊಂಡ ಮಾತು. ಆ ಗೀತೆ 2004ರಲ್ಲಿ ಅಧಿಕೃತವಾಗಿ ನಾಡಗೀತೆ ಆಯಿತು. ಅಂದಿನಿಂದ ರಾಜ್ಯದ ಪ್ರತಿ ಮಗುವಿನ ಬಾಯಲ್ಲೂ ಈ ಪದ ಇದೆ. ಯುವ ಜನಾಂಗ ಅನ್ನುವಾಗ ಅದು ತಲೆಮಾರು. ಬುಡಕಟ್ಟು ಜನಾಂಗ ಅನ್ನುವಾಗ ಕಾಡಿನ ಅಂಚಿನ ಜನ. ಭಾಷೆಯಲ್ಲಿ ಇಂಥ ಪದಗಳು ಇರುತ್ತವೆ, ಇರಲಿ. ನನ್ನ ತಕರಾರು ಈ ಸಡಿಲ ಪದವನ್ನು ಯಾರು ಯಾವುದಕ್ಕೆ ಬಳಸಿಕೊಳ್ಳುತ್ತಿದ್ದಾರೆ ಅನ್ನುವುದರ ಬಗ್ಗೆ.

2015ರ ಏಪ್ರಿಲ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮಾಡಿಸಿತಲ್ಲ, ಎಲ್ಲರೂ ಜಾತಿ ಗಣತಿ ಅಂತಲೇ ಕರೆದದ್ದು. ಮನೆಮನೆಗೆ ಹೋದವರು ನಾವು ಮೇಷ್ಟ್ರುಗಳೇ. ಬಿಸಿಲೋ ಬಿಸಿಲು. ಒಂದು ಬೀದಿಯಲ್ಲಿ ಸುಮಾರು ಐವತ್ತೈದರ ಗಂಡಸೊಬ್ಬರು ಜಗಲಿ ಮೇಲೆ ಕೂರಿಸಿ ನೀರು ಕೊಟ್ಟರು. ಹಸು ಎಷ್ಟು, ಜಮೀನು ಎಷ್ಟು, ನಲ್ಲಿ ಇದೆಯಾ, ಎಲ್ಲದಕ್ಕೂ ಗಟ್ಟಿಯಾಗಿ ಉತ್ತರ ಹೇಳಿದರು. ಜಾತಿಯ ಕಾಲಂ ಬಂತು. ಒಮ್ಮೆ ಬೀದಿ ಕಡೆ ನೋಡಿದರು. ದನಿ ಇಳಿಸಿ, ‘ನಾವು ಪರಿಶಿಷ್ಟ ಜನಾಂಗ ಸಾರ್, ಬರ್ಕೊಳ್ಳಿ’ ಅಂದರು. ನಾನು ತಿದ್ದಲಿಲ್ಲ. ತಿದ್ದಬಾರದು ಕೂಡ. ತನ್ನ ಜಾತಿಯ ಹೆಸರನ್ನು ಬೈಗುಳವಾಗಿ ಕೇಳಿಕೊಂಡೇ ಬೆಳೆದ ಮನುಷ್ಯ ಅದರ ಬದಲು ಒಂದು ಮೆತ್ತನೆಯ ಪದ ಹುಡುಕಿಕೊಂಡರೆ, ಅದನ್ನು ಕಿತ್ತುಕೊಳ್ಳಲು ನಾನ್ಯಾರು?

ಅದೇ ದಿನ ಮಧ್ಯಾಹ್ನ ದೊಡ್ಡ ಬೀದಿಯ ಒಂದು ಮನೆ. ಅಲ್ಲಿನ ಯಜಮಾನರು ತಮ್ಮ ಜಾತಿಯ ಹೆಸರು ಹೇಳಿ, ಅದರ ಮುಂದೆ ‘ಜನಾಂಗ’ ಸೇರಿಸಿ, ‘ಸರಿಯಾಗಿ ಬರೀರಿ ಮೇಷ್ಟ್ರೇ, ತಾಲ್ಲೂಕಲ್ಲಿ ನಮ್ಮದೇ ಜಾಸ್ತಿ’ ಅಂದರು. ಒಂದೇ ಪದ. ಮೊದಲನೇ ಮನೆಯಲ್ಲಿ ಅದು ಹೊದಿಕೆ, ಎರಡನೇ ಮನೆಯಲ್ಲಿ ಪೇಟ.

‘ಜಾತಿ’ ಅನ್ನುವ ಪದ ಹೀಗೆ ಮೆಲ್ಲಗೆ ಮರೆಗೆ ಸರಿದಿದೆ. ಮಾವಿಗೆ ಹೇಳುತ್ತೇವೆ, ‘ಇದು ಯಾವ ಜಾತಿ?’ ನಾಯಿಗಂತೂ ಹೆಮ್ಮೆಯಿಂದಲೇ ಹೇಳುತ್ತೇವೆ, ‘ಜಾತಿ ನಾಯಿ’. ಮನುಷ್ಯರಿಗೆ ಬಂದಾಗ ಮಾತ್ರ ‘ನೀವು ಯಾವ ಪೈಕಿ?’, ‘ನಿಮ್ಮದು ಯಾವ ಜನ?’, ‘ನಮ್ಮ ಕಡೆಯವರಾ?’ ಉತ್ತರ ಕರ್ನಾಟಕದ ಕಡೆ ಹೋದರೆ ‘ನಿಮ್ಮದು ಯಾವ ಸಮಾಜ?’ ಪಾಪ, ಸಮಾಜ ಅನ್ನುವ ಎಷ್ಟು ವಿಶಾಲವಾದ ಪದ! ನಾನು ಕಲಿಸುವ ವಿಷಯದ ಹೆಸರೇ ಅದು. ಸಮಾವೇಶದ ಬ್ಯಾನರಿನಲ್ಲಿ ‘ಸಮಾಜ ಬಾಂಧವರು’ ಅಂತ ಓದಿದಾಗಲೆಲ್ಲ ನನ್ನ ವಿಷಯವನ್ನು ಯಾರೋ ಒಂದು ಓಣಿಗೆ ಕಟ್ಟಿಹಾಕಿದ ಹಾಗೆ ಅನಿಸುತ್ತದೆ. ಸಮುದಾಯ ಭವನಗಳ ಕಥೆಯೂ ಇದೇ. ಬೋರ್ಡು ಎಲ್ಲರದ್ದು, ಬೀಗದ ಕೈ ಒಬ್ಬರದ್ದು.

ಜನ ಮಾತಾಡುವುದು ಅವರಿಷ್ಟ. ನಿಮ್ಮ ವಿಷಯ ಬೇರೆ.

ನಾಡಕಚೇರಿಗೆ ಹೋಗಿ ‘ಜನಾಂಗ ಪ್ರಮಾಣಪತ್ರ ಕೊಡಿ’ ಅಂತ ಯಾರಾದರೂ ಕೇಳುತ್ತಾರಾ? ಅಲ್ಲಿ ಸಿಗುವುದು ಜಾತಿ ಪ್ರಮಾಣಪತ್ರ. ಸರ್ಕಾರದ ಪದಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ. ಕೋರ್ಟಿನಲ್ಲೂ ಅವೇ. ನಿಮ್ಮ ವರದಿಯಲ್ಲಿ ಮಾತ್ರ ‘ಪರಿಶಿಷ್ಟ ಜನಾಂಗದ ಯುವಕ’, ‘ಹಿಂದುಳಿದ ಜನಾಂಗದ ಕುಟುಂಬ’. ಇನ್ನೂ ಮುಂದೆ ಹೋದರೆ ನಮ್ಮ ಹುಡುಗಿ ಓದಿದ ಹಾಗೆ ಬರೀ ‘ಒಂದು ಜನಾಂಗ’.

ಎದುರು ಕಡೆಯವರಿಗೆ ಏನು ಪದ ಕೊಡುತ್ತೀರಿ ಅಂತಲೂ ನೋಡಿ. ‘ಗ್ರಾಮಸ್ಥರು’. ತಡೆಯಲ್ಪಟ್ಟವರು ಆ ಗ್ರಾಮದಲ್ಲಿ ಇಲ್ಲವೇ? ಅವರ ಮತದಾರರ ಪಟ್ಟಿ, ರೇಷನ್ ಕಾರ್ಡು, ಹೊಲ, ಸ್ಮಶಾನ ಎಲ್ಲ ಅಲ್ಲೇ ಅಲ್ವಾ? ಒಂದು ಕಡೆಯವರು ಜನಾಂಗ, ಇನ್ನೊಂದು ಕಡೆಯವರು ಗ್ರಾಮಸ್ಥರು ಅಂತ ಬರೆದ ಕೂಡಲೇ, ದೇವಸ್ಥಾನದ ಬಾಗಿಲಲ್ಲಿ ಆದದ್ದೇ ನಿಮ್ಮ ವಾಕ್ಯದಲ್ಲೂ ಆಯಿತು. ಅವರನ್ನು ಊರ ಹೊರಗೆ ನಿಲ್ಲಿಸಿದಿರಿ. ಉದ್ದೇಶ ಇಟ್ಟು ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಹನ್ನೊಂದು ಗಂಟೆಗೆ ಪುಟ ಮುಗಿಸಬೇಕು, ಜಾಗ ಕಡಿಮೆ, ಕೈಗೆ ರೂಢಿಯಾದ ಪದ ಬರುತ್ತದೆ. ಆ ರೂಢಿಯ ಬಗ್ಗೆಯೇ ನಾನು ಮಾತಾಡುತ್ತಿರುವುದು.

ನಿಮ್ಮ ಉತ್ತರ ಏನಿರಬಹುದು ಅಂತಲೂ ಗೊತ್ತು. ಗಲಾಟೆಯ ಹೊತ್ತಿನಲ್ಲಿ ಜಾತಿ, ಧರ್ಮದ ಹೆಸರು ಹಾಕಿದರೆ ಬೆಂಕಿ ಪಕ್ಕದ ಊರಿಗೂ ಹಬ್ಬುತ್ತದೆ. ಅನಗತ್ಯವಾಗಿ ಯಾರ ಜಾತಿಯನ್ನೂ ಎತ್ತಬೇಡಿ ಅಂತ ಪ್ರೆಸ್ ಕೌನ್ಸಿಲ್ಲೂ ಹೇಳುತ್ತದೆ. ಒಪ್ಪಿದೆ. ಕಳ್ಳತನದ ಸುದ್ದಿಯಲ್ಲಿ ಕಳ್ಳನ ಜಾತಿ ಬೇಡ. ಬೈಕ್ ಅಪಘಾತದಲ್ಲಿ ಸತ್ತವನ ಜಾತಿ ಬೇಡ. ಆದರೆ ಜಾತಿಯೇ ಸುದ್ದಿಯಾದಾಗ? ಜಾತಿ ಕಾರಣಕ್ಕೇ ಕ್ಷೌರ ಮಾಡಲಿಲ್ಲ, ಜಾತಿ ಕಾರಣಕ್ಕೇ ಲೋಟ ಬೇರೆ ಇಟ್ಟರು, ಜಾತಿ ಕಾರಣಕ್ಕೇ ಬಾಗಿಲು ಹಾಕಿದರು ಅಂದಾಗ ಅದನ್ನೇ ತೆಗೆದುಬಿಟ್ಟರೆ ಉಳಿಯುವುದೇನು? ಉಪ್ಪು ತೆಗೆದು ಉಪ್ಪಿನಕಾಯಿ ಬಡಿಸಿದ ಹಾಗೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದ್ದು ಅದಕ್ಕೊಂದು ಸ್ಪಷ್ಟ ಹೆಸರು ಕೊಟ್ಟೇ. ‘ಎರಡು ಗುಂಪುಗಳ ನಡುವಿನ ಮನಸ್ತಾಪ’ ಅಂತ ಬರೆದಿದ್ದರೆ ರದ್ದಾಗುತ್ತಿತ್ತೇ?

ಇನ್ನೊಂದು ತೊಂದರೆ ಇದೆ. ನನಗೆ ಇದೇ ಜಾಸ್ತಿ ಚಿಂತೆ. ಜಾತಿಗೆ ಜನಾಂಗ ಅಂದಾಗ ಅದು ರಕ್ತದಲ್ಲಿರುವ ಸಂಗತಿ ಅನ್ನುವ ಭಾವನೆ ಸದ್ದಿಲ್ಲದೆ ಒಳಗೆ ಬರುತ್ತದೆ. ಯಾಕೆಂದರೆ ಅದೇ ಪದವನ್ನು ನಾವು ಕರಿಯರು, ಬಿಳಿಯರು, ಮಂಗೋಲರು ಅನ್ನುವುದಕ್ಕೂ ಬಳಸುತ್ತೇವೆ.

ಬ್ರಿಟಿಷರ ಕಾಲದಲ್ಲಿ ಹರ್ಬರ್ಟ್ ರಿಸ್ಲೆ ಅಂತ ಒಬ್ಬ ಅಧಿಕಾರಿ ಇದ್ದ. 1901ರ ಜನಗಣತಿಯ ಕಮಿಷನರ್. ಅವನು ಜನರ ಮೂಗು ಅಳೆಸಿದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಅಂಕಿ ಬರುತ್ತದೆ. ಅಂಕಿ ಕಡಿಮೆಯಾದಷ್ಟೂ ಜಾತಿ ಮೇಲು, ಹೆಚ್ಚಾದಷ್ಟೂ ಕೀಳು ಅಂತ ಅವನ ವಾದ. ಜಾತಿ ಅಂದರೆ ಜನಾಂಗವೇ ಅಂತ ಸಾಧಿಸಲು ಹೊರಟಿದ್ದ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಂಬಲಿಲ್ಲ. ಸ್ಕೇಲ್ ತೆಗೆದು ನನ್ನ ಮೂಗು ಅಳೆದು ಬೋರ್ಡಿನ ಮೇಲೆ ಲೆಕ್ಕ ಮಾಡಿದೆ. ಆಮೇಲೆ ಪಿ.ಟಿ. ಮೇಷ್ಟ್ರನ್ನು ಕರೆಸಿ ಅವರದ್ದೂ ಅಳೆದೆವು. ನಾವಿಬ್ಬರೂ ಒಂದೇ ಜಾತಿ, ಅದು ಮಕ್ಕಳಿಗೆ ಗೊತ್ತಿತ್ತು. ಅಂಕಿ ನೋಡಿದರೆ ನಮ್ಮಿಬ್ಬರ ನಡುವೆ ಎರಡು ಖಂಡಗಳಷ್ಟು ದೂರ. ತರಗತಿ ಹದಿನೈದು ನಿಮಿಷ ನಕ್ಕಿತು. ಪಿ.ಟಿ. ಮೇಷ್ಟ್ರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಅದು ಬೇರೆ ವಿಷಯ.

ಅಂಬೇಡ್ಕರ್ 1936ರಲ್ಲೇ ಈ ವಾದವನ್ನು ಕೆಡವಿದ್ದರು. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ, ಅಂದರೆ ಜಾತಿ ಮುರಿಯುವ ಸಂಘ, ಅವರನ್ನು ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹೆದರಿ, ಸಭೆಯನ್ನೇ ರದ್ದು ಮಾಡಿತ್ತು. ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಈ ಮಾತು ಬರುತ್ತದೆ: ಪಂಜಾಬಿನ ಬ್ರಾಹ್ಮಣನಿಗೂ ಮದ್ರಾಸಿನ ಬ್ರಾಹ್ಮಣನಿಗೂ ಜನಾಂಗದ ನಂಟಿಲ್ಲ, ಪಂಜಾಬಿನ ಬ್ರಾಹ್ಮಣ ಮತ್ತು ಪಂಜಾಬಿನ ಅಸ್ಪೃಶ್ಯ ಇಬ್ಬರದ್ದೂ ಒಂದೇ ಮೂಲ. ಜಾತಿ ರಕ್ತ ಬೇರೆಯಾದವರನ್ನು ವಿಂಗಡಿಸಿದ್ದಲ್ಲ, ಒಂದೇ ರಕ್ತದವರ ನಡುವೆ ಗೋಡೆ ಕಟ್ಟಿದ್ದು ಅನ್ನುವುದು ಅದರ ತಿರುಳು.

‘ದ್ರಾವಿಡ ಜನಾಂಗ’, ‘ಆರ್ಯ ಜನಾಂಗ’ ಅಂತ ಬರೆಯುವವರಿಗೂ ಒಂದು ಮಾತು. ಪದಗಳು ಹಳೆಯವು, ಆದರೆ ಈಗಿನ ಬಳಕೆಗೆ ಬಂದದ್ದು ಭಾಷಾಶಾಸ್ತ್ರದವರು ಭಾಷೆಗಳ ಕುಟುಂಬಕ್ಕೆ ಅವನ್ನು ಹೆಸರಾಗಿ ಇಟ್ಟ ಮೇಲೆ. ಆರ್ಯ ಅನ್ನುವ ಪದವನ್ನು ಹಬ್ಬಿಸಿದ ಮ್ಯಾಕ್ಸ್ ಮುಲ್ಲರನೇ 1888ರಲ್ಲಿ, ಆರ್ಯ ರಕ್ತ ಅನ್ನುವುದು ಉದ್ದ ತಲೆಬುರುಡೆಯ ನಿಘಂಟು ಅಂದಷ್ಟೇ ತಪ್ಪು ಅಂತ ರೇಗಿದ್ದ. ಬಲೂಚಿಸ್ತಾನದಲ್ಲಿ ಬ್ರಾಹುಯಿ ಮಾತಾಡುವವರಿದ್ದಾರೆ. ಅದು ಕನ್ನಡದ ದೂರದ ಸಂಬಂಧಿ, ದ್ರಾವಿಡ ಭಾಷೆ. ಅವರನ್ನೂ ನಮ್ಮನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾರೂ ಒಂದೇ ಜನಾಂಗ ಅನ್ನಲಿಕ್ಕಿಲ್ಲ. ಜೀವವಿಜ್ಞಾನವೂ ಈ ಪದದ ಕೈ ಬಿಟ್ಟು ಬಹಳ ಕಾಲವಾಯಿತು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಒಂದೇ ಜನಗುಂಪಿನ ಒಳಗೇ ಇದೆ ಅಂತ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲಿ ತೋರಿಸಿದರು. ನನ್ನ ಮೂಗು, ಪಿ.ಟಿ. ಮೇಷ್ಟ್ರ ಮೂಗಿನ ಕಥೆಯೇ ಅದು.

ಹಾಗಂತ ಜಾತಿ ಬೇರೆ, ಜನಾಂಗ ಬೇರೆ ಅಂತ ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಇಲ್ಲಿ ನನ್ನ ವಾದಕ್ಕೇ ಒಂದು ಮುಳ್ಳಿದೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿತು. ಜಾತಿ ತಾರತಮ್ಯವೂ ಅಲ್ಲಿ ಚರ್ಚೆಯಾಗಲಿ ಅಂತ ದಲಿತ ಸಂಘಟನೆಗಳು ಕೇಳಿದವು. ಜಾತಿ ಜನಾಂಗವಲ್ಲ, ಹಾಗಾಗಿ ಇಲ್ಲಿ ಬೇಡ ಅಂತ ಭಾರತ ಸರ್ಕಾರ ಅಂದಿತು. ನಾನು ಈ ಪತ್ರದಲ್ಲಿ ಹೇಳುತ್ತಿರುವ ಮಾತೇ ಅದು. ಆದರೆ ಅವತ್ತು ಅದನ್ನು ಬಳಸಿದ್ದು ಬಾಗಿಲು ಹಾಕುವುದಕ್ಕೆ. ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ. ಜಾತಿಗೆ ಬೇರೆ ಹೆಸರು ಬೇಕು ಅನ್ನುವುದು ಅದರ ಗಾಯ ಚಿಕ್ಕದು ಅಂತಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಮೂಲವಂಶ (ಅಂದರೆ ಜನಾಂಗ), ಜಾತಿ, ಲಿಂಗ, ಜನ್ಮಸ್ಥಳ ಅಂತ ಐದನ್ನೂ ಬಿಡಿಬಿಡಿಯಾಗಿ ಹೇಳಿ, ಐದಕ್ಕೂ ಒಂದೇ ನಿಷೇಧ ಹಾಕುತ್ತದೆ. ಹಾಗೆ.

ಈಗ ‘ಜನಾಂಗೀಯ’ಕ್ಕೆ ಬರುತ್ತೇನೆ. ವಿಚಿತ್ರ ನೋಡಿ. ‘ಜನಾಂಗ’ ನಿಮ್ಮ ಜಿಲ್ಲಾ ಪುಟದಲ್ಲಿ ಇರುತ್ತದೆ, ‘ಜನಾಂಗೀಯ’ ವಿದೇಶ ಪುಟದಲ್ಲಿ, ಇಲ್ಲವೇ ಕ್ರೀಡಾ ಪುಟದಲ್ಲಿ. 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನ ವೇಳೆ ಸಿರಾಜ್, ಬೂಮ್ರಾ ಅವರನ್ನು ಪ್ರೇಕ್ಷಕರು ಬೈದರು ಅಂತ ದೂರು ಹೋದಾಗ ‘ಜನಾಂಗೀಯ ನಿಂದನೆ’ ಮುಖಪುಟಕ್ಕೆ ಬಂತು. ಬರಬೇಕಾದದ್ದೇ. ಆದರೆ 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅದಕ್ಕೆ ಅರ್ಧ ಗಂಟೆ ಮೊದಲು ಆದ ಅಪಘಾತದ ಕಾರು ಅವಳದ್ದಲ್ಲ. ಓಡಿಸಿದವನು ಸುಡಾನಿನವನು, ಅವಳಿಗೆ ಸಂಬಂಧವೇ ಇರಲಿಲ್ಲ. ಇಬ್ಬರಿಗೂ ಇದ್ದ ಸಾಮ್ಯ ಮೈಬಣ್ಣ ಮಾತ್ರ. ಆಗ ಇದು ಜನಾಂಗೀಯ ದಾಳಿ ಅಲ್ಲ ಅಂತ ಸರ್ಕಾರದ ಕಡೆಯಿಂದಲೇ ಹೇಳಿಕೆ ಬಂತು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಾಳಿಸುದ್ದಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಮುಖ ನೋಡಿಯೇ ‘ಚೈನೀಸ್’ ಅಂತ ಕೂಗುವ ಊರಿನಲ್ಲಿ ಗಾಳಿಸುದ್ದಿಯನ್ನು ನಂಬದೇ ಇರುವುದು ಹೇಗೆ? ಆ ಕೂಗಿಗೆ ನಮ್ಮ ಭಾಷೆಯಲ್ಲಿ ತಯಾರಾಗಿ ಕೂತ ಪದ ‘ಜನಾಂಗೀಯ’. ಅದನ್ನು ಬಳಸಲು ಮಾತ್ರ ನಮಗೆ ಸಂಕೋಚ.

ಅಂದರೆ ಎಲ್ಲಿ ಬೇಡವೋ ಅಲ್ಲಿ ಧಾರಾಳ, ಎಲ್ಲಿ ಬೇಕೋ ಅಲ್ಲಿ ಜಿಪುಣತನ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳನ್ನು ನೋಡಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹಳ ಮಟ್ಟಿಗೆ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇವರನ್ನು ‘ಸಿದ್ದಿ ಜನಾಂಗ’ ಅಂತ ಕರೆದರೆ ನನ್ನದೇನೂ ತಕರಾರಿಲ್ಲ. ಒಂದು ಮೂಲ, ಒಂದು ನೆನಪು, ಹಲವು ದೇವರು. ಆ ಪದ ಇಲ್ಲಿ ಅಳತೆಗೆ ಸರಿಯಾಗಿ ಕೂರುತ್ತದೆ. ಆದರೆ ಸಿದ್ದಿ ಹುಡುಗನೊಬ್ಬನ ಗುಂಗುರು ಕೂದಲು ನೋಡಿ ಪೇಟೆಯಲ್ಲಿ ಯಾರೋ ಹೀಯಾಳಿಸಿದರೆ ನೀವು ಏನು ಬರೆಯುತ್ತೀರಿ? ಜಾತಿ ನಿಂದನೆಯೋ, ಜನಾಂಗೀಯ ನಿಂದನೆಯೋ? ಯೋಚಿಸಬೇಕಾಗುತ್ತದೆ. ಆ ಒಂದು ಕ್ಷಣ ಯೋಚಿಸಿ ಅಂತಲೇ ನಾನು ಕೇಳುತ್ತಿರುವುದು.

ನನ್ನ ಬೇಡಿಕೆ ದೊಡ್ಡದಲ್ಲ. ಜಾತಿಯೇ ಕಾರಣವಾದ ಸುದ್ದಿಯಲ್ಲಿ ಜಾತಿ ಅಂತಲೇ ಬರೆಯಿರಿ. ಪರಿಶಿಷ್ಟ ಜಾತಿಯನ್ನು ಪರಿಶಿಷ್ಟ ಜಾತಿ ಅನ್ನಿ, ಅಥವಾ ಅವರೇ ಆರಿಸಿಕೊಂಡ ದಲಿತ ಅನ್ನಿ. ಯಾರಾದರೂ ತಮ್ಮ ಬಾಯಲ್ಲಿ ‘ನಮ್ಮ ಜನಾಂಗ’ ಅಂದರೆ ಅದನ್ನು ಉದ್ಧರಣ ಚಿಹ್ನೆಯ ಒಳಗೆ ಹಾಗೇ ಬಿಡಿ, ತಿದ್ದಬೇಡಿ. ‘ಗ್ರಾಮಸ್ಥರು’ ಅಂತ ಟೈಪ್ ಮಾಡುವಾಗ ಊರಿನ ಎಲ್ಲರೂ ಅದರೊಳಗೆ ಇದ್ದಾರಾ ಅಂತ ಒಮ್ಮೆ ನೋಡಿ. ಮುಂದಿನ ತಲೆಮಾರಿಗೆ ತಲೆಮಾರು ಅನ್ನಿ, ಒಳ್ಳೆಯ ಕನ್ನಡ ಪದ. ಸುಮ್ನೆ ಮೂಲೆಯಲ್ಲಿ ಕೂತಿದೆ. ನಮ್ಮ ಶಾಲೆಯ ಗೋಡೆಯನ್ನು ನಾನೇ ಸುಣ್ಣ ಹೊಡೆಸಿ ಬದಲಾಯಿಸುತ್ತೇನೆ. ನಾಡಗೀತೆಯ ಸಾಲಿಗೆ ಕೈ ಹಾಕುವ ಮಾತಿಲ್ಲ. ಅಲ್ಲಿ ‘ಸರ್ವ’ ಅಂತ ಮುಂದೆ ಇದೆ. ನಿಮ್ಮ ತಲೆಬರಹದಲ್ಲಿ ಅದೇ ಜಾಗದಲ್ಲಿ ‘ಒಂದು’ ಅಂತ ಇರುತ್ತದೆ.

ಅವತ್ತು ಆ ತರಗತಿಗೆ ನಾನು ಕೊಟ್ಟ ಮನೆಕೆಲಸ ಇಷ್ಟೇ. ಬೆಳಿಗ್ಗೆ ಓದಿದ ಸುದ್ದಿಯನ್ನು ನಿಮಗೆ ಅರ್ಥವಾಗುವ ಪದಗಳಲ್ಲಿ ಬರೆದುಕೊಂಡು ಬನ್ನಿ. ಮಾರನೇ ದಿನ ಆ ಹುಡುಗಿ ನೋಟ್‌ಬುಕ್ ಮುಂದಿಟ್ಟಳು. ಒಂದೇ ಸಾಲು ಬರೆದಿದ್ದಳು: ‘ಪರಿಶಿಷ್ಟ ಜಾತಿಯ ಗ್ರಾಮಸ್ಥರನ್ನು ಬೇರೆ ಜಾತಿಯ ಗ್ರಾಮಸ್ಥರು ದೇವಸ್ಥಾನದ ಬಾಗಿಲಲ್ಲಿ ತಡೆದರು.’

‘ಪೇಪರ್‌ನಲ್ಲಿ ಪರಿಶಿಷ್ಟ ಜಾತಿ ಅಂತ ಎಲ್ಲೂ ಇರಲಿಲ್ಲವಲ್ಲಮ್ಮಾ, ನಿನಗೆ ಹೇಗೆ ಗೊತ್ತಾಯ್ತು?’ ಅಂತ ಕೇಳಿದೆ.

‘ಒಳಗೆ ಬಿಡದೇ ಇರೋದು ಇನ್ಯಾರನ್ನ ಸರ್?’ ಅಂದಳು.

ಇಂತಿ ನಿಮ್ಮ ಓದುಗ,
ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು